ಮಿಶ್ರ ಚಾಪಿಗೆ ಟ್ರಿಗರ್ ಸೀಕ್ವೆನ್ಸರ್: ಪಕ್ಕಪಕ್ಕದ ಸ್ಟೆಪ್‌ಗಳು ಅಂಟಿಕೊಳ್ಳುತ್ತಿವೆ

ತಕಿಟ_ಮೈಸೂರು

ಎಲ್ಲರಿಗೂ ನಮಸ್ಕಾರ. ಯೂರೋರ‍್ಯಾಕ್‌ಗೆ (ಬಿಡಿ ಮಾಡ್ಯೂಲ್‌ಗಳನ್ನು ಜೋಡಿಸುವ ಸಿಂತಸೈಜರ್) ಸಣ್ಣದೊಂದು ಟ್ರಿಗರ್ ಸೀಕ್ವೆನ್ಸರ್ ಮಾಡುತ್ತಿದ್ದೇನೆ, ಅಂದರೆ ಕ್ಲಾಕ್ ಬಂದಾಗಲೆಲ್ಲ ಒಂದು ಸ್ಟೆಪ್ ಮುಂದೆ ಹೋಗಿ, ಆನ್ ಇರುವ ಸ್ಟೆಪ್‌ಗಳಲ್ಲಿ ಡ್ರಮ್ ಮಾಡ್ಯೂಲ್‌ಗೆ ಪೆಟ್ಟಿನ ಸಿಗ್ನಲ್ ಕೊಡುವ ಸಾಧನ. ಸಿಗುವ ಸೀಕ್ವೆನ್ಸರ್‌ಗಳಲ್ಲಿ ಹೆಚ್ಚಿನವು 8 ಇಲ್ಲವೇ 16 ಸ್ಟೆಪ್ಪಿನ ಲೆಕ್ಕದವು. ನನಗೆ ಬೇಕಿರುವುದು ಚಾಪು ತಾಳ. ಒಂದು ರೋಟರಿ ಸ್ವಿಚ್ ತಿರುಗಿಸಿದರೆ ಖಂಡ ಚಾಪಿನ 5, ಮಿಶ್ರ ಚಾಪಿನ 7, ಆದಿ ತಾಳದ 8 ಬರಬೇಕು. ಸಿಡಿ4017 ಕೌಂಟರ್ (ಕ್ಲಾಕ್ ಎಣಿಸಿ ಔಟ್‌ಪುಟ್‌ಗಳನ್ನು ಒಂದೊಂದಾಗಿ ಆನ್ ಮಾಡುವ) ಚಿಪ್‌ನಲ್ಲಿ 10 ಔಟ್‌ಪುಟ್ ಇವೆಯಲ್ಲ, ಅದನ್ನೇ ಹಿಡಿದೆ. 5ಕ್ಕೆ 1ನೇ ಪಿನ್, 7ಕ್ಕೆ 6ನೇ ಪಿನ್, 8ಕ್ಕೆ 9ನೇ ಪಿನ್, ಅಲ್ಲಿಂದ ಎಣಿಕೆಯನ್ನು ಮತ್ತೆ ಮೊದಲಿಗೆ ತರುವ 15ನೇ ಪಿನ್ ರೀಸೆಟ್‌ಗೆ.

1, 4, 6ನೇ ಸ್ಟೆಪ್ ಹಾಕಿದರೆ ಕಿಕ್ ಡ್ರಮ್ ಚೆನ್ನಾಗಿ ಬರುತ್ತದೆ. 'ತಕಿಟ ತಕ ಧಿಮಿ' ಅಂತ ಹೇಳಿಕೊಂಡರೆ ಸರಿಯಾಗಿ ಕೂಡುತ್ತದೆ. ಆದರೆ 6, 7 ಎರಡನ್ನೂ ಹಾಕಿದರೆ ಒಂದೇ ಪೆಟ್ಟು ಕೇಳಿಸುತ್ತದೆ. ಇನ್ನೊಂದು ತೊಂದರೆ: ಮಾಸ್ಟರ್ ಕ್ಲಾಕ್‌ನಿಂದ ರೀಸೆಟ್ ಕೊಟ್ಟಾಗ ಕೆಲವು ಸಲ ಮೊದಲ ಪೆಟ್ಟೇ ಇರುವುದಿಲ್ಲ. ಸಮವೇ ಹೋದರೆ ತಾಳ ಎಲ್ಲಿ ಉಳಿಯುತ್ತದೆ, ಅಲ್ವಾ?

ಖಾಲಿ_ಪ್ಯಾಚ್

ಆರ್ಡುಯಿನೋ ನ್ಯಾನೋ (ಕೋಡ್ ಬರೆದು ಓಡಿಸುವ ಸಣ್ಣ ಬೋರ್ಡ್) ಹಾಕಿಬಿಡಿ. ರೀಸೆಟ್ ಬಂದ ಮೇಲೆ ಕೆಲವು ಮಿಲಿಸೆಕೆಂಡ್ ಕ್ಲಾಕ್ ಎಣಿಸಬೇಡ ಅಂತ ಕೋಡ್‌ನಲ್ಲಿ ಬರೆದರೆ ಸಾಕು. ಪ್ಯಾಟರ್ನ್‌ಗಳನ್ನು ಉಳಿಸಿಕೊಳ್ಳಲೂಬಹುದು.

ಹಳೇ_ಸಾಲ್ಡರ್

ನ್ಯಾನೋ ಒಳ್ಳೆಯ ದಾರಿಯೇ. ಆದರೆ ಇಷ್ಟಕ್ಕೆ ಕೋಡ್ ಬೇಕಿಲ್ಲ. ಸ್ವಿಚ್ ಮುಟ್ಟಿದ ಕೂಡಲೇ ತಾಳ ಬದಲಾಗುವ ಈ ಸರ್ಕ್ಯೂಟ್ ನನಗೆ ಬಹಳ ಇಷ್ಟ, ದಯವಿಟ್ಟು ಬಿಡಬೇಡಿ.

4017ರ ಒಂದೊಂದು ಔಟ್‌ಪುಟ್ ಇಡೀ ಸ್ಟೆಪ್ ಮುಗಿಯುವವರೆಗೂ ಮೇಲೇ (ವೋಲ್ಟೇಜ್ ಇರುವ ಸ್ಥಿತಿಯಲ್ಲೇ) ಇರುತ್ತದೆ. 6 ಇಳಿಯುವ ಹೊತ್ತಿಗೆ 7 ಏರಿರುತ್ತದೆ. ನಡುವೆ ಬಿಡುವೇ ಇಲ್ಲ, ಹಾಗಾಗಿ ಡ್ರಮ್ ಮಾಡ್ಯೂಲ್‌ಗೆ ಎರಡನೇ ಏರಿಕೆ ಕಾಣುವುದಿಲ್ಲ. 7 ಮತ್ತು 1 ಹಾಕಿದರೂ ಹೀಗೇ ಆಗುತ್ತದೆ, ನೋಡಿ. ಪ್ರತಿ ಔಟ್‌ಪುಟ್‌ಗೆ ಒಂದು 1ಎನ್4148 ಡಯೋಡ್, ಆಮೇಲೆ ಸ್ವಿಚ್, ಆಮೇಲೆ ಎಲ್ಲವೂ ಸೇರುವ ಒಂದು ಲೈನ್. ಆ ಲೈನ್‌ನಿಂದ ಗ್ರೌಂಡ್‌ಗೆ 100ಕೆ (ಕಿಲೋಓಮ್) ರೆಸಿಸ್ಟರ್. ಈ ಲೈನನ್ನೂ ಕ್ಲಾಕನ್ನೂ ಸಿಡಿ4081ರ ಒಂದು (ಎರಡೂ ಇನ್‌ಪುಟ್ ಮೇಲಿದ್ದರೆ ಮಾತ್ರ ಔಟ್‌ಪುಟ್ ಮೇಲೇರುವ) ಆಂಡ್ ಗೇಟ್‌ಗೆ ಕೊಡಿ. ಕ್ಲಾಕ್ ಕೆಳಗಿಳಿದಾಗಲೆಲ್ಲ ಔಟ್‌ಪುಟ್ ಕೂಡ ಇಳಿಯುತ್ತದೆ, ಪೆಟ್ಟುಗಳು ಬೇರೆಯಾಗುತ್ತವೆ. ಉಳಿದ ಗೇಟ್‌ಗಳ ಇನ್‌ಪುಟ್‌ಗಳನ್ನು ಗ್ರೌಂಡ್ ಮಾಡಿ.

ಸಮದ ವಿಷಯ. ರೀಸೆಟ್ ಬಂದು ಹೋದ ಮೇಲೆ ಕ್ಲಾಕ್ ಬಂದರೆ ಕೌಂಟರ್ ಸೀದಾ ಎರಡಕ್ಕೆ ಹೋಗುತ್ತದೆ. ಆದರೆ ರೀಸೆಟ್ ಮೇಲಿರುವಾಗ 4017 ಕ್ಲಾಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನೇ ಬಳಸಿಕೊಳ್ಳಿ. ಕ್ಲಾಕನ್ನು 10ಕೆ ಮತ್ತು 47 ನ್ಯಾನೋಫ್ಯಾರಡ್ ಮೂಲಕ ಸುಮಾರು ಅರ್ಧ ಮಿಲಿಸೆಕೆಂಡ್ ತಡ ಮಾಡಿ ನಿಧಾನವಾಗಿ ಏರಿಳಿಯುವ ಸಿಗ್ನಲನ್ನು ಚೊಕ್ಕ ಮಾಡುವ 40106 ಶ್ಮಿಟ್ ಟ್ರಿಗರ್‌ಗೆ ಕೊಡಿ. ಆಂಡ್ ಗೇಟ್‌ಗೂ ಈ ತಡವಾದ ಕ್ಲಾಕೇ ಹೋಗಲಿ. ರೀಸೆಟ್ ಕಡೆ 100 ನ್ಯಾನೋಫ್ಯಾರಡ್, 47ಕೆ ಹಾಕಿ ಪಲ್ಸನ್ನು ಕೆಲವು ಮಿಲಿಸೆಕೆಂಡ್ ಅಗಲ ಮಾಡಿ. ಎರಡೂ ಒಟ್ಟಿಗೆ ಬಂದರೆ ಕ್ಲಾಕ್ ಆ ಪಲ್ಸ್ ಒಳಗೇ ಬೀಳುತ್ತದೆ. ಕೌಂಟರ್ ಒಂದರಲ್ಲೇ ನಿಲ್ಲುತ್ತದೆ, ಕ್ಲಾಕ್ ಮೇಲಿರುವುದರಿಂದ ಸಮದ ಪೆಟ್ಟೂ ಸಿಗುತ್ತದೆ. ಈ ಪಲ್ಸ್ ಮತ್ತು ರೋಟರಿ ಸ್ವಿಚ್, ಎರಡನ್ನೂ ಒಂದೊಂದು ಡಯೋಡ್ ಮೂಲಕ 15ನೇ ಪಿನ್‌ಗೆ ತನ್ನಿ. ಆ ಪಿನ್‌ನಿಂದ ಗ್ರೌಂಡ್‌ಗೆ 100ಕೆ ಇರಲಿ.

ಚಿಪ್‌ಗಳಿಗೆ ಎಷ್ಟು ವೋಲ್ಟ್ ಕೊಟ್ಟಿದ್ದೀರಿ?

ತಕಿಟ_ಮೈಸೂರು

ಬಸ್‌ನಿಂದ (ಮಾಡ್ಯೂಲ್‌ಗಳಿಗೆ ವಿದ್ಯುತ್ ಹಂಚುವ ಬೋರ್ಡ್) ನೇರವಾಗಿ 12. ಆಂಡ್ ಗೇಟ್ ಹಾಕಿದೆ ಸಾರ್, 'ಧಿಮಿ' ಈಗ ಎರಡಾಗಿ ಕೇಳಿಸುತ್ತಿದೆ! ಬಹಳ ಖುಷಿಯಾಯಿತು. 40106 ನನ್ನ ಹತ್ತಿರ ಇಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಬೇಕು. ಸ್ಟೆಪ್‌ಗೊಂದು ಎಲ್‌ಇಡಿ ಹಾಕಬೇಕೆಂದಿದ್ದೇನೆ. 4017ರಿಂದಲೇ ನೇರವಾಗಿ ಎಳೆಯಬಹುದಾ?

ಹಳೇ_ಸಾಲ್ಡರ್

12 ಬೇಡ. 78ಎಲ್05 ವೋಲ್ಟೇಜ್ ರೆಗ್ಯುಲೇಟರ್ ಹಾಕಿ 5 ವೋಲ್ಟ್‌ನಲ್ಲಿ ಓಡಿಸಿ, ಔಟ್‌ಪುಟ್‌ಗೆ 1ಕೆ ಇಡಿ. 5 ವೋಲ್ಟ್ ಟ್ರಿಗರ್ ಸಾಮಾನ್ಯವಾಗಿ ಎಲ್ಲ ಮಾಡ್ಯೂಲ್‌ಗಳಿಗೂ ಸಾಕು. ಆಗ ಕ್ಲಾಕ್, ರೀಸೆಟ್ ಇನ್‌ಪುಟ್‌ಗಳಿಗೆ ಒಂದೊಂದು ಬಿಸಿ547 ಟ್ರಾನ್ಸಿಸ್ಟರ್ ಬೇಕು: ಬೇಸ್‌ಗೆ 100ಕೆ, ಬೇಸ್‌ನಿಂದ ಗ್ರೌಂಡ್‌ಗೆ 33ಕೆ ಮತ್ತು ಒಂದು ಡಯೋಡ್, ಕಲೆಕ್ಟರ್‌ಗೆ 10ಕೆ. ಕ್ಲಾಕ್ ಬದಲು ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ಸಿಗ್ನಲ್ ಕೊಡುವ ಮಾಡ್ಯೂಲ್) ಕೊಟ್ಟು, ಅದು ಮೈನಸ್‌ಗೆ ಇಳಿದರೂ ಆ ಡಯೋಡ್ ಕಾಯುತ್ತದೆ. ಟ್ರಾನ್ಸಿಸ್ಟರ್ ಸಿಗ್ನಲನ್ನು ತಲೆಕೆಳಗು ಮಾಡುತ್ತದೆ, 40106 ಮತ್ತೆ ನೆಟ್ಟಗೆ ಮಾಡುತ್ತದೆ.

ಎಲ್‌ಇಡಿ ನೇರವಾಗಿ ಬೇಡ. 5 ವೋಲ್ಟ್‌ನಲ್ಲಿ 4017 ಕೊಡುವ ಕರೆಂಟ್ ತೀರಾ ಕಮ್ಮಿ. ಔಟ್‌ಪುಟ್ ಕುಸಿದು, ಡಯೋಡ್ ದಾಟುವಷ್ಟರಲ್ಲಿ ಆಂಡ್ ಗೇಟ್‌ಗೆ ಸಾಲದೆ ಹೋಗಬಹುದು. ಎಲ್‌ಇಡಿಗೊಂದು ಬಿಸಿ547, ಬೇಸ್‌ಗೆ 47ಕೆ ಹಾಕಿ.