ಸಹಾಯ ಬೇಕು: ಹೊಲಿಗೆ ಮಷಿನ್ ಪೆಡಲ್ ತುಳಿಯೋದನ್ನು ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳಿಗೆ ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ ಕಲಿಸುತ್ತಿದ್ದೇನೆ. 3 ವಾರ ಆಯ್ತು, ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇವೆ.

ಚಕ್ರವನ್ನು ಕೈಯಿಂದ ತನ್ನ ಕಡೆಗೆ ತಿರುಗಿಸಿ ಶುರು ಮಾಡುತ್ತಾಳೆ. ನಾಲ್ಕೈದು ಹೊಲಿಗೆ ಚೆನ್ನಾಗಿ ಬೀಳುತ್ತವೆ. ಆಮೇಲೆ ಕಾಲು ತಡವರಿಸಿ ಚಕ್ರ ಹಿಂದಕ್ಕೆ ತಿರುಗುತ್ತದೆ. ಅಷ್ಟೇ, ದಾರ ಪಟ್ ಅಂತ ತುಂಡು. ಬಟ್ಟೆ ಕೆಳಗೆ ನೋಡಿದರೆ ದಾರದ ಗೂಡು.

ದಾರ ತೆಗೆದು, ಗೆರೆ ಎಳೆದ ಕಾಗದದ ಮೇಲೆ ಬರೀ ಸೂಜಿ ಓಡಿಸು ಅಂದೆ. (ಅದಕ್ಕೆ ಹಳೇ ಸೂಜಿಯೇ ಸಾಕು, ಕಾಗದದಲ್ಲಿ ಮೊನೆ ಬೇಗ ಮೊಂಡಾಗುತ್ತದೆ.) ತೂತುಗಳು ಗೆರೆ ಮೇಲೇ ಸಾಲಾಗಿ ಬರುತ್ತಿವೆ. ಆದರೆ ಬಟ್ಟೆ ಇಟ್ಟ ತಕ್ಷಣ ಕಣ್ಣು ಸೂಜಿಗೆ ಅಂಟಿಕೊಳ್ಳುತ್ತದೆ, ಕಾಲು ಮರೆತೇ ಹೋಗುತ್ತದೆ.

ನನ್ನ ತಪ್ಪೂ ಇದೆ. ಪಕ್ಕದಲ್ಲೇ ಕೂತು "ಹಿಮ್ಮಡಿ ಒತ್ತು, ಈಗ ಬೆರಳು ಒತ್ತು" ಅಂತ ಹೇಳ್ತಾನೇ ಇರುತ್ತೇನೆ. ಹೇಳಿದಷ್ಟೂ ಅವಳ ಕಾಲು ಜಾಸ್ತಿ ಬಿಗಿಯಾಗುತ್ತದೆ. ನಾನು ಹೇಗೆ ತುಳಿಯುತ್ತೇನೆ ಅಂತ ಗಮನವಿಟ್ಟು ನೋಡಲು ಹೋದೆ, ನನಗೇ ಲಯ ತಪ್ಪಿತು! ಇಷ್ಟು ವರ್ಷ ಕಾಲು ಸುಮ್ನೆ ತನ್ನ ಪಾಡಿಗೆ ಮಾಡುತ್ತಿತ್ತು, ಅದನ್ನು ಬಾಯಲ್ಲಿ ಹೇಳೋದು ಹೇಗೆ?

ಈಗ ಚಕ್ರದ ನಡುವಿನ ಸ್ಕ್ರೂ ಸಡಿಲಿಸಿ, ಸೂಜಿ ಆಡದ ಹಾಗೆ ಬರೀ ಪೆಡಲ್ ತುಳಿಸೋಣ ಅಂದುಕೊಂಡಿದ್ದೇನೆ. ನಡುವೆ ಅವಳ ಜೊತೆ ಮಾತಾಡುತ್ತಾ ಇದ್ದರೆ ಗಮನ ಕಾಲಿನಿಂದ ಆಚೆ ಹೋಗಬಹುದು, ಅಲ್ವಾ? ಯಾರಾದರೂ ಹೀಗೆ ಕಲಿಸಿದ್ದೀರಾ? ದಿನಾ 15 ನಿಮಿಷ ಮಾಡಿಸಲಾ, ಅಥವಾ ರಜೆ ದಿನ ಒಟ್ಟಿಗೆ 2 ಗಂಟೆ ಕೂರಿಸಲಾ?

ಮೋಟಾರ್ ಹಾಕಿಸಿ ಅಂತ ಮಾತ್ರ ಹೇಳಬೇಡಿ. ಅವಳಿಗೆ ಪೆಡಲ್ಲೇ ಬೇಕಂತೆ.