ಇಳಿಜಾರಿನ ತೋಟದಲ್ಲಿ ಮನೆ: ಗುಡ್ಡವನ್ನು ಕಡಿಯದೆ ಕಟ್ಟಬಹುದೇ?

ಪ್ರಶ್ನೆ (ಕೊಡಗಿನ ಮಾದಾಪುರದ ಕಡೆಯಿಂದ)

ನಮ್ಮ ಕಾಫಿ ತೋಟದಲ್ಲಿ, ಕೆಳಗಿನ ಗದ್ದೆಗಳು ಕಾಣುವಂತಹ ಇಳಿಜಾರಿನಲ್ಲಿ, ಮೂರು ಕೋಣೆಗಳ ಮನೆ ಕಟ್ಟಬೇಕೆಂದಿದ್ದೇವೆ. ಜೆಸಿಬಿಯಿಂದ ಹತ್ತು ಅಡಿ ಬರೆ (ಗುಡ್ಡದ ಮಣ್ಣಿನ ಇಳಿಜಾರು) ಕಡಿದು, ಸಮತಟ್ಟು ಮಾಡಿ, ತಾರಸಿ ಮನೆ ಕಟ್ಟುವುದೇ ಅಗ್ಗವೆಂದು ಗುತ್ತಿಗೆದಾರರು ಹೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೆ ಇದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಮನೆ ಐನ್‌ಮನೆಯಂತೆ, ಅಂದರೆ ಕೊಡಗಿನ ಮನೆತನಗಳ ಹಿರಿಯರ ಮನೆಯಂತೆ, ಇರಬೇಕೆಂಬುದು ತಾಯಿಯವರ ಆಸೆ.

ಉತ್ತರ (ಕಟ್ಟಡ ವಿನ್ಯಾಸಕಾರರು, ಮಡಿಕೇರಿ)

ಬರೆ ಕಡಿಯುವುದಕ್ಕೆ ದಯವಿಟ್ಟು ಒಪ್ಪಬೇಡಿ. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಮನುಷ್ಯರು ಕಡಿದು ಬದಲಿಸಿದ್ದನ್ನೂ ಕಾರಣವಾಗಿ ಗುರುತಿಸಿತ್ತು. ಬುಡವನ್ನು ಕಡಿದೊಡನೆ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಬಂಡೆಯ ಮೇಲೆ ದಪ್ಪಗೆ ಕೂತಿರುವ ನಮ್ಮ ಮಣ್ಣು ಜುಲೈ ಕಳೆಯುವಷ್ಟರಲ್ಲಿ ನೀರು ಕುಡಿದು ಭಾರವಾಗಿ, ಒಳಗಿನ ಹಿಡಿತ ಸಡಿಲಗೊಂಡು, ಆ ಕಡಿದ ಮುಖದಿಂದಲೇ ಜಾರತೊಡಗುತ್ತದೆ. ಆದ್ದರಿಂದ ಮನೆಯನ್ನು ಇಳಿಜಾರಿಗೆ ಅಡ್ಡಲಾಗಿ, ಉದ್ದಕ್ಕೆ ಹೆಚ್ಚು ಅಗಲಕ್ಕೆ ಕಡಿಮೆ ಇರುವಂತೆ ಹಾಕಿ, ಒಳಗೆ ಮೂರು ನಾಲ್ಕು ಮೆಟ್ಟಿಲುಗಳ ಅಂತರದಲ್ಲಿ ಎರಡು ಮಟ್ಟಗಳಾಗಿ ಇಳಿಸಿದರೆ ಕಡಿಯಬೇಕಾದ ಮಣ್ಣು ಬಹಳ ಕಡಿಮೆಯಾಗುತ್ತದೆ. ಕಡಿದ ಮಣ್ಣನ್ನು ಕೆಳಬದಿಗೆ ತುಂಬಿ ಅದರ ಮೇಲೆ ಗೋಡೆ ಏಳಿಸಬೇಡಿ.

ಅಡಿಪಾಯಕ್ಕಿಂತ ಮೊದಲು ಚರಂಡಿ ಆಗಬೇಕು. ಮನೆಯ ಮೇಲ್ಬದಿಯಲ್ಲಿ ಕಲ್ಲು ಹಾಸಿದ ಅಡ್ಡಚರಂಡಿ ತೋಡಿಸಿ, ಆ ನೀರನ್ನು ಮೊದಲಿನಿಂದಲೂ ಇರುವ ತೋಡಿಗೇ (ಸಣ್ಣ ಹಳ್ಳಕ್ಕೇ) ಸೇರಿಸಿ. ಇಂಗುಗುಂಡಿಯನ್ನು ಮನೆಯ ಮೇಲ್ಬದಿಯಲ್ಲಿ ಎಂದಿಗೂ ಮಾಡಿಸಬೇಡಿ.

ಉತ್ತರ (ಪೊನ್ನಂಪೇಟೆಯಿಂದ)

ಕಾಂಕ್ರೀಟ್ ಕಂಬಕ್ಕೆ ಮರದ ಬಣ್ಣ ಬಳಿದು ಐನ್‌ಮನೆ ಎನ್ನುವ ಕಟ್ಟಡಗಳನ್ನು ನೋಡಿದಾಗ ನನಗೆ ನೋವಾಗುತ್ತದೆ. ಹಿರಿಯರು ಗದ್ದೆಯನ್ನು ನೋಡುವಂತೆ, ಆದರೆ ಗದ್ದೆಗಿಂತ ಎತ್ತರದಲ್ಲಿ ಮನೆ ಕಟ್ಟಿದರು. ಉಳುವ ನೆಲವೂ ಉಳಿಯಿತು, ತೋಡು ಉಕ್ಕಿದರೂ ನೀರು ಮನೆಯನ್ನು ಮುಟ್ಟಲಿಲ್ಲ. ತಾಯಿಯವರ ಆಸೆಯಲ್ಲಿ ನೀವು ಉಳಿಸಿಕೊಳ್ಳಬೇಕಾದುದು ಈ ವಿವೇಕ, ಮತ್ತು ಕೈಯಾಲೆ, ಅಂದರೆ ಮುಂದಿನ ಜಗುಲಿ. ಅಗಲವಾದ ಕೈಯಾಲೆಯಿದ್ದರೆ ಇರಿಚಲು ಗೋಡೆಗೆ ತಾಗುವುದಿಲ್ಲ, ಮಳೆಗಾಲದ ಅರ್ಧ ಬದುಕು ಅಲ್ಲಿಯೇ ನಡೆಯುತ್ತದೆ. ಕಂಬಗಳ ನಡುವೆ ಐಮರವನ್ನು (ಕೂರುವ ಹಲಗೆಯನ್ನು) ನಿಜವಾದ ಹಲಸಿನ ಹಲಗೆಯಲ್ಲೇ ಮಾಡಿಸಿ. ನೆಲ್ಲಕ್ಕಿಯ (ನಡುಮನೆಯ) ದೀಪಕ್ಕೆ ಒಳಗೆ ಶಾಂತವಾದ ಜಾಗವನ್ನು ನಕ್ಷೆಯ ಹಂತದಲ್ಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಎರಡು ಮಟ್ಟದ ನಕ್ಷೆಯನ್ನೇ ಬರೆಸುತ್ತೇವೆ. ಮಾಡಿಗೆ (ಚಾವಣಿಗೆ) ಮಂಗಳೂರು ಹೆಂಚು ಸಾಕಾಗುವುದೇ?

ಉತ್ತರ (ಮರಗೆಲಸದವರು, ಸೋಮವಾರಪೇಟೆ)

ಸಾಕಾಗುತ್ತದೆ, ಆದರೆ ಮಾಡಿನ ಇಳಿಜಾರು 30 ಡಿಗ್ರಿಗಿಂತ ಕಡಿಮೆಯಿರಬಾರದು. ಚಪ್ಪಟೆಯಾದರೆ ಗಾಳಿಮಳೆಯ ನೀರು ಹೆಂಚಿನ ಸಂದಿಯೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಸೂರನ್ನು ಗೋಡೆಯಿಂದ ಮೂರು ಅಡಿಯಾದರೂ ಚಾಚಿಸಿ. ತೋಟದಲ್ಲಿ ಸಿಲ್ವರ್ ಓಕ್ ಇದೆಯೆಂದು ಅದನ್ನೇ ಹೊರಗಿನ ಕಂಬಗಳಿಗೆ ಬಳಸಬೇಡಿ, ತೇವದಲ್ಲಿ ಬಾಳುವುದಿಲ್ಲ. ಮರದ ಕಂಬ ಯಾವುದೇ ಇರಲಿ, ಒಂದು ಅಡಿ ಎತ್ತರದ ಕಲ್ಲಿನ ಪೀಠದ ಮೇಲೆ ನಿಲ್ಲಲಿ. ಎರಡು ಮಟ್ಟಗಳ ನಡುವಿನ ತಡೆಗೋಡೆಯ ಹಿಂದೆ ಜಲ್ಲಿ ತುಂಬಿಸಿ, ನೀರು ಹೊರಬರಲು ಸಾಲಾಗಿ ಕಿಂಡಿಗಳನ್ನು ಬಿಡಿಸಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಅವುಗಳನ್ನು ಚೊಕ್ಕಮಾಡಿಸಿ.