ಎದೆನೋವು ಇದೆ, ಇಸಿಜಿ ನಾರ್ಮಲ್ ಅಂದರು. ಟಿಎಂಟಿಗೆ ಇನ್ನೂ 11 ದಿನ. ರಾತ್ರಿ ಹೇಗೆ ಕಳೆಯಲಿ?

ಕೇಳಿದವರು: ಬನಹಟ್ಟಿಯ ನೇಕಾರಗಿತ್ತಿ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ಮಗ್ಗ ಯಜಮಾನರು ನೋಡಿಕೊಳ್ಳುತ್ತಾರೆ. ಕಂಡಿಕೆ ಸುತ್ತುವುದು, ಸೀರೆ ಮಡಚುವುದು, ಮನೆ ಕೆಲಸ ನನ್ನದು. ಮಗಳು ಪಿಯುಸಿ ಓದುತ್ತಿದ್ದಾಳೆ.

ಐದು ವಾರದ ಹಿಂದೆ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಎದೆಯ ಎಡಗಡೆ ಒಮ್ಮೆಲೇ ಚುಚ್ಚಿದ ಹಾಗಾಯಿತು. ಒಂದು ರೂಪಾಯಿ ನಾಣ್ಯದಷ್ಟು ಜಾಗ. ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಗೋಡೆಗೆ ಒರಗಿ ಕೂತೆ. ಎರಡು ನಿಮಿಷಕ್ಕೆ ಹೋಯಿತು. ಆಮೇಲೆ ದಿನಕ್ಕೆ ಮೂರು ಸಲ, ನಾಲ್ಕು ಸಲ ಬರತೊಡಗಿತು. ಕೆಲವು ಸಲ ಚುಚ್ಚುತ್ತದೆ, ಕೆಲವು ಸಲ ಯಾರೋ ಅಂಗೈ ಇಟ್ಟು ಒತ್ತಿದ ಹಾಗೆ ಇರುತ್ತದೆ. ಕೊಡ ಎತ್ತಿದರೆ ಬರುತ್ತದೆ. ಸುಮ್ನೆ ಮಲಗಿದ್ದಾಗಲೂ ಬಂದಿದೆ.

ಎರಡು ಕಡೆ ತೋರಿಸಿದೆವು. ಮೊದಲನೇ ಕಡೆ ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು, ಎಲ್ಲಾ ನಾರ್ಮಲ್ ಅಂದರು. ಡಾಕ್ಟರು ಚೀಟಿಯಿಂದ ತಲೆ ಎತ್ತದೆ "ಟೆನ್ಷನ್ ಮಾಡ್ಕೋಬ್ಯಾಡ್ರಿ, ಗ್ಯಾಸ್ ಅದು" ಅಂತ ಮಾತ್ರೆ ಬರೆದುಕೊಟ್ಟರು. ನಾನು ಹೇಳುವುದನ್ನು ಪೂರ್ತಿ ಕೇಳಲೂ ಇಲ್ಲ. ಎರಡನೇ ಡಾಕ್ಟರು ಸಮಾಧಾನದಿಂದ ಕೇಳಿಸಿಕೊಂಡರು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರು, ಅದೂ ಸರಿ ಇದೆ. ಬೆಳಗಾವಿಗೆ ಹೋಗಿ ಟಿಎಂಟಿ (ನಡೆಸುತ್ತಾ ಹೃದಯ ನೋಡುವ ಪರೀಕ್ಷೆ) ಮಾಡಿಸಿ, ಅದರಲ್ಲೂ ಏನೂ ಸಿಗದಿದ್ದರೆ ಎಂಡೋಸ್ಕೋಪಿ (ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವುದು) ನೋಡೋಣ ಅಂದರು. ಸಿಕ್ಕ ದಿನ 11 ದಿನ ಆಚೆ ಇದೆ.

ನನ್ನ ಕಷ್ಟ ಆ 11 ರಾತ್ರಿಗಳದ್ದು. ಹಗಲು ಮಗ್ಗದ ಸದ್ದಿನಲ್ಲಿ ಹೇಗೋ ಹೋಗುತ್ತದೆ. ರಾತ್ರಿ ಮಗ್ಗ ನಿಂತ ಮೇಲೆ ಕಿವಿಯಲ್ಲಿ ನನ್ನ ಎದೆಯ ಬಡಿತ ಬಿಟ್ಟು ಬೇರೇನೂ ಕೇಳುವುದಿಲ್ಲ. ಎಣಿಸುತ್ತಾ ಮಲಗುತ್ತೇನೆ. ಒಂದು ಬಡಿತ ಹೆಚ್ಚುಕಡಿಮೆ ಆಯಿತು ಅನ್ನಿಸಿದರೆ ಎದ್ದು ಕೂರುತ್ತೇನೆ. ಮೈ ಬೆವರುತ್ತದೆ, ಕೈ ಜೋಮು ಹಿಡಿಯುತ್ತದೆ. ಆಗ ಅದು ಹೆದರಿಕೆಯೋ ಹೃದಯವೋ ನನಗೆ ತಿಳಿಯುವುದಿಲ್ಲ.

ಇಷ್ಟು ಹೆದರಲು ಕಾರಣ ಇದೆ. 2009ರಲ್ಲಿ ನಮ್ಮ ಅಪ್ಪ ಹೋದರು. ಆಗ ಅವರಿಗೆ 54. ಸಂಜೆ ಎದೆ ಹಿಡಿದುಕೊಂಡು ಕೂತಿದ್ದರು, ಅಂಗಿ ಒದ್ದೆಯಾಗಿತ್ತು. ಮನೆಯಲ್ಲಿದ್ದವರೆಲ್ಲ ಗ್ಯಾಸ್ ಅಂದೆವು. ನಾನೇ ಲಿಂಬು ಸೋಡಾ ತಂದು ಕುಡಿಸಿದೆ. ಜಮಖಂಡಿಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಈಗ ಯಾರಾದರೂ ಗ್ಯಾಸ್ ಅಂದರೆ ನನಗೆ ಆ ಸೋಡಾ ಬಾಟಲಿ ಕಣ್ಣ ಮುಂದೆ ಬರುತ್ತದೆ.

ಮನೆಯವರಿಗೆ ದಿನಾ ಹೇಳಿ ಹೇಳಿ ನನಗೇ ಸಂಕೋಚ ಆಗಿದೆ. ಹೀಗೆ ಕಾದವರು ಇದ್ದರೆ ಹೇಳಿ. ಯಾವಾಗ ಆಸ್ಪತ್ರೆಗೆ ಓಡಬೇಕು, ಯಾವಾಗ ತಡೆದುಕೊಳ್ಳಬೇಕು? ಉಳಿದ ರಾತ್ರಿ ಹೇಗೆ ಕಳೆದಿರಿ?

ಉತ್ತರ: ಸ್ಟಾಫ್ ನರ್ಸ್, ಚಿಕ್ಕೋಡಿ ಕಡೆಯವರು

ಅಕ್ಕಾ, ಮೊದಲು ಯಾವಾಗ ಓಡಬೇಕು ಅನ್ನುವುದನ್ನು ಹೇಳಿಬಿಡುತ್ತೇನೆ. ಎದೆಯಲ್ಲಿ ಒತ್ತಿದ ಹಾಗೆ, ಬಿಗಿದ ಹಾಗೆ ನೋವು ಬಂದು 15 ನಿಮಿಷವಾದರೂ ಇಳಿಯದಿದ್ದರೆ ಹೊರಡಿ. ನೋವು ತೋಳಿಗೆ, ದವಡೆಗೆ, ಕುತ್ತಿಗೆಗೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರು ಬಂದರೆ, ಉಸಿರು ಸಿಗದಿದ್ದರೆ, ವಾಂತಿ ಬಂದ ಹಾಗಾದರೆ, ಕಣ್ಣು ಕತ್ತಲೆ ಬಂದರೆ 15 ನಿಮಿಷ ಕೂಡ ಕಾಯಬೇಡಿ. ಮೊದಲು ಸ್ವಲ್ಪ ನಡೆದರೆ ಬರುತ್ತಿದ್ದ ನೋವು ಈಗ ಕೂತಲ್ಲೇ ಬರತೊಡಗಿದರೂ, ದಿನದಿಂದ ದಿನಕ್ಕೆ ಜಾಸ್ತಿ ಆದರೂ ಟಿಎಂಟಿ ದಿನದವರೆಗೆ ನಿಲ್ಲಬಾರದು. ಆಗ 108ಕ್ಕೆ ಫೋನ್ ಮಾಡಿ. ಬೈಕ್ ಹಿಂದೆ ಕೂತು ಹೋಗಬೇಡಿ.

ನಿಮ್ಮ ಪೋಸ್ಟಿನಲ್ಲಿ ಬೆವರು, ಕೈ ಜೋಮು ಅಂತ ಇದೆ. ಅದು ಹೆದರಿಕೆಯಿಂದಲೂ ಬರುತ್ತದೆ, ನಿಜ. ಆದರೆ ಅರ್ಧರಾತ್ರಿ ಮನೆಯಲ್ಲಿ ಕೂತು ಅದನ್ನು ಬೇರ್ಪಡಿಸುವ ಭಾರ ನಿಮ್ಮ ಮೇಲೆ ಹಾಕಿಕೊಳ್ಳಬೇಡಿ. ಅನುಮಾನ ಬಂದರೆ ಬಂದುಬಿಡಿ. ರಾತ್ರಿ ಡ್ಯೂಟಿಯಲ್ಲಿ ಎದೆನೋವು ಅಂತ ಬಂದು ಏನೂ ಸಿಗದೆ ವಾಪಸ್ ಹೋದವರನ್ನು ಬಹಳ ಜನ ನೋಡಿದ್ದೇನೆ. ಅವರ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದಿಲ್ಲ. ಬೆಳಗಾದ ಮೇಲೆ ನೋಡೋಣ ಅಂತ ಕೂತವರನ್ನು ನೆನೆಸಿದರೆ ಹೊಟ್ಟೆ ಉರಿಯುತ್ತದೆ.

ಇಸಿಜಿ ಬಗ್ಗೆ ಒಂದು ಮಾತು. ಅದು ತೆಗೆದ ಕೆಲವೇ ಸೆಕೆಂಡುಗಳ ಚಿತ್ರ. ಆ ಹೊತ್ತಿನಲ್ಲಿ ನೋವು ಇಲ್ಲದಿದ್ದರೆ ನಾರ್ಮಲ್ ಬರಬಹುದು. ಹಾಗಾಗಿ ನೋವು ಇರುವಾಗಲೇ ತೆಗೆಸಿದ ಇಸಿಜಿಗೆ ಬೆಲೆ ಜಾಸ್ತಿ. ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆಯೂ ಹಾಗೇ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಅದು ಏರಲು ಕೆಲವು ತಾಸು ಬೇಕು. ಅದಕ್ಕೇ ನಾವು ಕೆಲವು ತಾಸು ಬಿಟ್ಟು ಮತ್ತೆ ತೆಗೆಯುವುದು. ಎರಡನೇ ಸಲ ಸೂಜಿ ಹಾಕಿದರೆ ಏನೋ ಕೆಟ್ಟದ್ದು ಸಿಕ್ಕಿದೆ ಅಂತ ತಿಳಿಯಬೇಡಿ.

ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಉಚಿತ. ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಹೃದಯಾಘಾತ ಅಂತ ಗೊತ್ತಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೂಡ ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಇದೆ ಅಂತ ನಾಳೆ ಹಗಲಲ್ಲೇ ಕೇಳಿ ಇಟ್ಟುಕೊಳ್ಳಿ. ನಿಮ್ಮ ಅಪ್ಪನ ವಿಷಯ ಓದಿ ಬಹಳ ಸಂಕಟ ಆಯಿತು. ಆಗ ನಮ್ಮ ಊರುಗಳಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ನೀವೂ ಮಾಡಿದಿರಿ ಅಕ್ಕಾ. ಅಪ್ಪನಿಗೆ 54ಕ್ಕೇ ಹೃದಯದ ತೊಂದರೆ ಆಗಿತ್ತು ಅನ್ನುವುದನ್ನು ಡಾಕ್ಟರಿಗೆ ಹೇಳಿದ್ದೀರಾ? ಹೇಳಿರದಿದ್ದರೆ ತಪ್ಪದೆ ಹೇಳಿ.

ಉತ್ತರ: ಟೇಲರ್, ವಡಗಾವಿ, ಬೆಳಗಾವಿ

ಅಕ್ಕಾವ್ರೇ, ನಾನು ನಾಲ್ಕು ತಿಂಗಳು ಕಾದವನು. ವಯಸ್ಸು 36. ಇಸಿಜಿ ಮೂರು ಸಲ, ಎಕೋ, ಟಿಎಂಟಿ ಎಲ್ಲ ಆಯಿತು. ಕೊನೆಗೆ ಒಬ್ಬ ಡಾಕ್ಟರು ಎದೆಯ ನಡುಮೂಳೆಗೆ ಪಕ್ಕೆಲುಬು ಸೇರುವ ಜಾಗದಲ್ಲಿ ಬೆರಳಿನಿಂದ ಒತ್ತಿದರು. ನಾನು ಕೂಗಿಬಿಟ್ಟೆ. ಅಲ್ಲಿನ ಮೆದು ಎಲುಬಿಗೆ ಉರಿಯೂತ ಬಂದಿತ್ತು. ದಿನವಿಡೀ ಬಗ್ಗಿ ಕತ್ತರಿಸುವುದು, ಮಷೀನ್ ಮೇಲೆ ಕೂರುವುದು ನನ್ನ ಕೆಲಸ. ನಿಮ್ಮದೂ ಅದೇ ಅಂತ ಹೇಳುತ್ತಿಲ್ಲ. ರೊಟ್ಟಿ ಬಡಿಯುವಾಗ, ಕೊಡ ಎತ್ತುವಾಗ ಬರುತ್ತದೆ ಅಂದಿರಲ್ಲ, ಆ ಮಾತನ್ನು ಡಾಕ್ಟರಿಗೆ ಅದೇ ಶಬ್ದಗಳಲ್ಲಿ ಹೇಳಿ. ಬರೀ ಎದೆನೋವು ಅಂದರೆ ಅವರಿಗೆ ಅದು ತಿಳಿಯುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಎಷ್ಟು ಹೊತ್ತಿಗೆ ಬಂತು, ಏನು ಮಾಡುತ್ತಿದ್ದಿರಿ, ಎಷ್ಟು ನಿಮಿಷ ಇತ್ತು, ಊಟ ಆಗಿ ಎಷ್ಟು ಹೊತ್ತಾಗಿತ್ತು, ಹೇಗೆ ಹೋಯಿತು. ನಾನು ಮೊದಲು ಇದರಲ್ಲಿ ತಪ್ಪು ಮಾಡಿದ್ದೆ. ಪ್ರತಿ ಚುಚ್ಚಿಗೂ ಬರೆಯುತ್ತಿದ್ದೆ, ಅರ್ಧ ತಾಸಿಗೊಮ್ಮೆ ನಾಡಿ ನೋಡಿ ಅದನ್ನೂ ಬರೆಯುತ್ತಿದ್ದೆ. ಬರೆದಷ್ಟೂ ಹೆದರಿಕೆ ಬೆಳೆಯಿತು. ಡಾಕ್ಟರು ನೋಡಿ, ದಿನಕ್ಕೆ ಎರಡೇ ಸಲ ಬರಿ, ಮಧ್ಯಾಹ್ನ ಊಟದ ಮುಂದೆ ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಅಂದರು. ನಾಡಿ ನೋಡುವುದನ್ನು ಪೂರ್ತಿ ಬಿಡಿಸಿದರು. ಒಂದು ವಾರದಲ್ಲಿ ವ್ಯತ್ಯಾಸ ಗೊತ್ತಾಯಿತು.

ಇನ್ನೊಂದು, ರಾತ್ರಿ ಮೊಬೈಲಿನಲ್ಲಿ ಎದೆನೋವಿನ ಬಗ್ಗೆ ಹುಡುಕಬೇಡಿ. ನಾನು ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು ಮಲಗುತ್ತಿದ್ದೆ.

ಉತ್ತರ: ನಿವೃತ್ತ ಮಾಸ್ತರು, ವಿಜಯಪುರ

ತಂಗೀ, ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ಟಿಎಂಟಿ ದಿನವನ್ನು ಯಾವ ಕಾರಣಕ್ಕೂ ಮುಂದೆ ಹಾಕಬೇಡ ಅಂತ ಹೇಳಲು ಬರೆಯುತ್ತಿದ್ದೇನೆ.

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಇದೆ. ಆಕೆಗೆ ಎದೆನೋವು ಅಂತ ಇರಲೇ ಇಲ್ಲ. ಮೇಲುಹೊಟ್ಟೆ ಉರಿ, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಇಸಿಜಿ ಸರಿ ಇತ್ತು. ಗ್ಯಾಸಿನ ಔಷಧಿ ಕುಡಿದರೆ ಕಡಿಮೆ ಆಗುತ್ತಿತ್ತು, ಹಾಗಾಗಿ ನಾವೂ ಹೊಟ್ಟೆಯದೇ ಅಂದುಕೊಂಡೆವು. ಮನೆಗೆ ನೆಂಟರು ಬರುತ್ತಾರೆ ಅಂತ ಒಮ್ಮೆ, ಮಗನ ಕೆಲಸ ಅಂತ ಒಮ್ಮೆ ಪರೀಕ್ಷೆ ಮುಂದೆ ಹೋಯಿತು. ಕೊನೆಗೆ ಟಿಎಂಟಿಯಲ್ಲಿ ಬದಲಾವಣೆ ಕಂಡು, ಆಂಜಿಯೋಗ್ರಾಂನಲ್ಲಿ ಒಂದು ರಕ್ತನಾಳ ಬಿಗಿಯಾಗಿರುವುದು ಗೊತ್ತಾಯಿತು. ಸ್ಟೆಂಟ್ ಹಾಕಿದರು. ಈಗ ದಿನಾ ಬೆಳಿಗ್ಗೆ ಗೋಳಗುಮ್ಮಟದ ತನಕ ನಡೆದು ಬರುತ್ತಾಳೆ. ಗ್ಯಾಸಿನ ಔಷಧಿಯಿಂದ ಕಡಿಮೆ ಆಯಿತು ಅಂದಮಾತ್ರಕ್ಕೆ ಹೃದಯದ್ದಲ್ಲ ಅನ್ನಲು ಬರುವುದಿಲ್ಲ ಅಂತ ಆಗ ಡಾಕ್ಟರು ತಿಳಿಸಿ ಹೇಳಿದರು.

ಟಿಎಂಟಿ ಅಂದರೆ ಓಡುವ ಪಟ್ಟಿಯ ಮೇಲೆ ನಡೆಸುತ್ತಾರೆ. ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತದೆ. ಹೆಂಗಸರಲ್ಲಿ ಒಮ್ಮೊಮ್ಮೆ ತೊಂದರೆ ಇಲ್ಲದಿದ್ದರೂ ಇದ್ದಂತೆ ತೋರಿಸುತ್ತದೆಯಂತೆ. ಪಾಸಿಟಿವ್ ಅಂದ ಕೂಡಲೇ ಎದೆಗುಂದಬೇಡ, ಮುಂದಿನ ಪರೀಕ್ಷೆಯಲ್ಲಿ ಖಚಿತ ಮಾಡುತ್ತಾರೆ. ಸೀರೆ ಬೇಡ, ಚೂಡಿದಾರ್ ಉಟ್ಟುಕೊಂಡು ಹೋಗು. ಹಿಂದಿನ ಎರಡು ಮೂರು ತಾಸು ಊಟ, ಚಹಾ ಬೇಡ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಆ ದಿನ ತೆಗೆದುಕೊಳ್ಳಬೇಕೋ ಬೇಡವೋ ಅಂತ ಮೊದಲೇ ಫೋನ್ ಮಾಡಿ ಕೇಳು.

ಮರುಉತ್ತರ: ಸ್ಟಾಫ್ ನರ್ಸ್, ಚಿಕ್ಕೋಡಿ ಕಡೆಯವರು

ಮಾಸ್ತರು ಹೇಳಿದ್ದು ಸರಿ. ರಾತ್ರಿ ಬಗ್ಗೆ ನಾನು ಬರೆದಿರಲಿಲ್ಲ. ಊಟಕ್ಕೂ ಮಲಗುವುದಕ್ಕೂ ಮೂರು ತಾಸು ಅಂತರ ಇರಲಿ. ತಲೆ ಇಡುವ ಕಡೆಯ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿ, ಎಡಮಗ್ಗುಲಿಗೆ ಮಲಗಿ. ಹುಳಿ ಮೇಲೆ ಬರುವ ತೊಂದರೆ ಇದ್ದರೆ ಇದರಿಂದ ಇಳಿಯುತ್ತದೆ. ಇಲ್ಲದಿದ್ದರೆ ನಷ್ಟವಿಲ್ಲ. ಹೆದರಿಕೆ ಏರಿದಾಗ ಎದ್ದು ಕೂತು, ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ ಬಿಡಿ. ಹೆದರಿಕೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಮನೆಯವರನ್ನು ಎಬ್ಬಿಸಲು ಸಂಕೋಚ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ ಮೇಲೆ ಹೇಳಿದ ಲಕ್ಷಣ ಇದ್ದರೆ ಮೊದಲು 108.

ಕೇಳಿದವರು: ಬನಹಟ್ಟಿಯ ನೇಕಾರಗಿತ್ತಿ

ನಾಳೆ ಟಿಎಂಟಿ. ಎಲ್ಲರಿಗೂ ಹೇಳಿ ಹೋಗೋಣ ಅಂತ ಬರೆಯುತ್ತಿದ್ದೇನೆ.

ಅಪ್ಪನ ವಿಷಯ ಡಾಕ್ಟರಿಗೆ ಹೇಳಿರಲಿಲ್ಲ, ನರ್ಸ್ ಅಕ್ಕಾ. ಬಾಯಿಗೆ ಬಂದಿರಲೇ ಇಲ್ಲ. ಮರುದಿನವೇ ಹೋಗಿ ಹೇಳಿದೆ. ಅವರು ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಂಡರು. ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಯಜಮಾನರು ವಿಚಾರಿಸಿ ಬಂದಿದ್ದಾರೆ. ಅದರ ಹೆಸರನ್ನೂ 108 ಅನ್ನುವುದನ್ನೂ ಮಗ್ಗದ ಪಕ್ಕದ ಗೋಡೆಗೆ ಬಳಪದಲ್ಲಿ ಬರೆದರು. ನಾನು ಹೇಳಿರಲಿಲ್ಲ. ಆ ಬರಹ ನೋಡಿದ ರಾತ್ರಿ ಸ್ವಲ್ಪ ಬೇಗ ನಿದ್ದೆ ಬಂತು.

ನಾಲ್ಕನೇ ರಾತ್ರಿ ಮಾತ್ರ ಬಹಳ ಕೆಟ್ಟದಾಗಿತ್ತು. ಒತ್ತಿದ ಹಾಗೆ ನೋವು 20 ನಿಮಿಷ ಇಳಿಯಲಿಲ್ಲ. ನಿಮ್ಮ ಮಾತು ನೆನಪಾಯಿತು. 108 ಕರೆಸಿ ಹೋದೆವು. ನೋವು ಇರುವಾಗಲೇ ಇಸಿಜಿ ತೆಗೆದರು, ಬೆಳಗಿನ ಜಾವ ಮತ್ತೊಮ್ಮೆ ರಕ್ತ ತೆಗೆದರು. ಎರಡೂ ಸರಿ ಇದ್ದವು. ವಾಪಸ್ ಬರುವಾಗ ಸುಮ್ನೆ ಎಲ್ಲರ ನಿದ್ದೆ ಕೆಡಿಸಿದೆನಲ್ಲ ಅಂತ ಅಳು ಬಂತು. ಮಗಳು "ಅವ್ವಾ, ಅಜ್ಜಂದು ಆದಾಗ ಹಿಂಗ ಹೋಗಿದ್ರ ಅಂತ ನೀನ ಅಂತಿದ್ದಿ, ಈಗ ಹೋಗೀವಲ್ಲ" ಅಂದಳು.

ನೋಟ್‌ಬುಕ್ ದಿನಕ್ಕೆ ಎರಡೇ ಸಲ ಬರೆದೆ. ಓದಿದರೆ ಒಂದು ಕಾಣುತ್ತದೆ. ಚುಚ್ಚುವ ನೋವು ಕೈಕೆಲಸದ ಹೊತ್ತಿನದು. ಒತ್ತುವ ನೋವು ಹೆಚ್ಚಾಗಿ ರಾತ್ರಿಯದು, ಅದೂ ತಡವಾಗಿ ಉಂಡ ದಿನ. ಇದರ ಅರ್ಥ ಡಾಕ್ಟರೇ ಹೇಳಲಿ. ರೊಟ್ಟಿ ಈಗ ಮಗಳು ಬಡಿಯುತ್ತಿದ್ದಾಳೆ. ದಪ್ಪ ಆಗುತ್ತವೆ, ಆದರೂ ತಿನ್ನುತ್ತೇವೆ.

ಬೆಳಿಗ್ಗೆ 5:30ರ ಬಸ್ಸಿಗೆ ಹೊರಡುತ್ತೇವೆ. ಚೂಡಿದಾರ್ ತೆಗೆದಿಟ್ಟಿದ್ದೇನೆ. ಹಳೇ ಇಸಿಜಿ, ಎಕೋ, ನೋಟ್‌ಬುಕ್ ಎಲ್ಲ ಒಂದೇ ಚೀಲದಲ್ಲಿವೆ. ಯಜಮಾನರು ನಾಲ್ಕೂ ಮಗ್ಗ ನಿಲ್ಲಿಸಿ ಜೊತೆಗೆ ಬರುತ್ತಿದ್ದಾರೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.